ಕಿವಿಯ ಕೆಲಸ ಬಿಟ್ಟ ಮೇಲೆ

ಮಾರ್ಚ್ 3, ಸೋಮವಾರ

ಇವತ್ತಿನಿಂದ ನಾನು ಬರಹಗಾರ್ತಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಲಗುವ ಕೋಣೆಯಿಂದ ನಡುಮನೆ ದಾಟಿ ಆಚೆ ಕೋಣೆಯ ಕಿಟಕಿ ಪಕ್ಕದ ಮೇಜಿಗೆ ಬಂದು ಕೂತೆ. ಕೆಲಸಕ್ಕೆ ಹೋಗುವ ಪ್ರಯಾಣ ಅಷ್ಟೇ! ಖುಷಿಗೆ ಎರಡು ಸಲ ಎದ್ದು ಹೋಗಿ ಮತ್ತೆ ಬಂದು ಕೂತೆ.

ಆರು ವರ್ಷ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದೆ. ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಯೊಳಗೆ ಬಂದವರನ್ನು ಕೂರಿಸಿ, ಗಾಜಿನ ಈಚೆಯಿಂದ ಪೀಪ್ ಎನ್ನಿಸಿ, "ಕೇಳಿಸ್ತಾ? ಈಗ?" ಎಂದು ಕೇಳುವುದು. ಮುಗಿಯಿತು. ಇನ್ನು ಯಾರ ಕಿವಿಯ ಗೊಡವೆಯೂ ನನಗೆ ಬೇಡ. ಬರೆಯುವುದಕ್ಕೆ ಪ್ರಪಂಚವೇ ಬಿದ್ದಿದೆ.

ಅಪ್ಪನಿಗೆ ಇದು ಹಿಡಿಸಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮೂವತ್ತು ವರ್ಷ ಊರವರಿಗೆ ಕಾರು ಕಲಿಸಿದ ಮನುಷ್ಯ, ಈಗಲೂ ಯಾರಾದರೂ ಅವಸರದ ಮಾತಾಡಿದರೆ ಕುರ್ಚಿಯಲ್ಲಿ ಕೂತೇ ಬ್ರೇಕ್ ಹಾಕುವ ಹಾಗೆ ಬಲಗಾಲಿನಿಂದ ನೆಲ ಒತ್ತುತ್ತಾನೆ. ನಿನ್ನೆ "ಫ್ರೀಲಾನ್ಸ್" ಎಂದೆ.

"ಅದರಲ್ಲಿ ಫ್ರೀ ಅನ್ನೋದು ಮಾತ್ರ ಅರ್ಥ ಆಯ್ತು" ಎಂದ.

ಏಪ್ರಿಲ್ ಕೊನೆಯವರೆಗೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಲ್ಲ, ಅಪ್ಪ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ.

ಮಾರ್ಚ್ 5, ಬುಧವಾರ

ಪತ್ರಿಕೆಯ ಭಾನುವಾರದ ಪುರವಣಿಯ ಸಂಪಾದಕಿಯನ್ನು ನೋಡಿಬಂದೆ. ಆಫೀಸಿನಲ್ಲಿ ಎಲ್ಲರೂ ಅವರನ್ನು ಹಿಂದಿನಿಂದ ಕತ್ತರಿ ಮೇಡಂ ಎನ್ನುತ್ತಾರಂತೆ. ಚಿಕ್ಕ ಆಕೃತಿ, ದೊಡ್ಡ ಕನ್ನಡಕ, ಎದುರಿಗೆ ಕೂತವರ ಮಾತನ್ನೂ ಅರ್ಧಕ್ಕೇ ಕತ್ತರಿಸುವ ಅಭ್ಯಾಸ.

"ಏನು ಬರೀತೀಯಮ್ಮ?"

"ಏನು ಬೇಕಾದ್ರೂ ಬರೀತೀನಿ ಮೇಡಂ." ಹುರುಪಿನಲ್ಲೇ ಹೇಳಿದೆ.

"ಅಯ್ಯೋ" ಎಂದು ಕನ್ನಡಕ ತೆಗೆದರು. "ಹಲ್ಲು ನೋವು ಬಂದೋರು, ಏನು ಬೇಕಾದ್ರೂ ರಿಪೇರಿ ಮಾಡ್ತೀನಿ ಅನ್ನೋರ ಹತ್ರ ಹೋಗ್ತಾರಾ? ತೋಟ ಅಂದ್ರೆ ನಂಗೊಬ್ಬರು ನೆನಪಾಗ್ತಾರೆ. ಸಿನಿಮಾ ಅಂದ್ರೆ ಇನ್ನೊಬ್ಬರು. ಏನು ಅಂದ್ರೆ ನೀನು ನೆನಪಾಗ್ಬೇಕು? ಅದನ್ನ ಹುಡುಕ್ಕೊಂಡು ಬಾ. ಅಲ್ಲೀವರೆಗೂ ಬರೆದು ಬರೆದು ಕಳಿಸ್ತಿರು, ನೋಡೋಣ. ಮುಂಚೆ ಏನು ಮಾಡ್ತಿದ್ದೆ?"

"ಆಫೀಸ್ ಕೆಲಸ" ಎಂದುಬಿಟ್ಟೆ. ಕ್ಲಿನಿಕ್ಕಿನ ಹೆಸರೆತ್ತಿದರೆ ನಾಳೆಯಿಂದಲೇ ಕಿವಿಯಲ್ಲಿ ನೀರು ಹೋದರೆ ಏನು ಮಾಡಬೇಕು ಎಂದು ಬರೆಸುತ್ತಾರೆ. ಗೊತ್ತಿಲ್ಲವೇ ನನಗೆ.

ದಾರಿಯುದ್ದಕ್ಕೂ ಯೋಚಿಸಿದೆ. ಬಸ್ ಇಳಿಯುವಷ್ಟರಲ್ಲಿ ಗೊತ್ತಾಯಿತು. ಪ್ರವಾಸ! ನನ್ನ ಹೆಸರಿನ ಕೆಳಗೆ ಬೆಟ್ಟ, ಕೆರೆ, ಹಡಗು. ಟೋಪಿ ಕೊಂಡೆ.

ಮಾರ್ಚ್ 11, ಮಂಗಳವಾರ

ಭಾನುವಾರ ಊರಾಚೆಯ ಸರೋವರಕ್ಕೆ ಹೋಗಿ ದೋಣಿ ಹತ್ತಿ, ನಾಲ್ಕು ಪುಟ ಬರೆದು ಕಳಿಸಿದ್ದೆ. ಸೂರ್ಯಾಸ್ತಕ್ಕೇ ಒಂದು ಪುಟ ಹಿಡಿದಿತ್ತು. ಇವತ್ತು ವಾಪಸ್ ಬಂತು. ಸೂರ್ಯಾಸ್ತವಿಲ್ಲ. ಬೆಟ್ಟವಿಲ್ಲ. ನಾಲ್ಕು ಪುಟದಲ್ಲಿ ಉಳಿದದ್ದು ಒಂದೇ ಪ್ಯಾರಾ: ನಡುನೀರಿನಲ್ಲಿ ದೋಣಿಯವನು ಎಂಜಿನ್ ಆರಿಸಿದಾಗ, ಅಷ್ಟು ದೂರದ ದಡದಲ್ಲಿ ಇಬ್ಬರು ಹೆಂಗಸರು ಯಾರದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದದ್ದು ನೀರಿನ ಮೇಲೆ ಜಾರಿಕೊಂಡು ಬಂದು ನಮ್ಮ ಪಕ್ಕದಲ್ಲೇ ಕೂತಂತೆ ಕೇಳಿಸಿದ್ದು. ಅದರ ಪಕ್ಕ ಕೆಂಪು ಶಾಯಿಯಲ್ಲಿ, "ಇದು ನಿನ್ನದು. ಉಳಿದದ್ದು ಯಾರದಾದರೂ ಆಗಬಹುದು."

ಅಂದರೆ ಮೇಡಂಗೆ ಅತ್ತೆ ಸೊಸೆ ಜಗಳ ಇಷ್ಟ ಎಂದಾಯಿತು. ಅದರ ಅಂಕಣ ನನ್ನ ಕೈಲಾಗದು, ನನಗೆ ಅತ್ತೆಯೇ ಇಲ್ಲ. ಇರಲಿ. ಉಳಿತಾಯ, ವಿಮೆ, ಇವುಗಳ ಬಗ್ಗೆ ಬರೆಯುವವರಿಗೆ ಯಾವಾಗಲೂ ಬೇಡಿಕೆಯಂತೆ. ನಾಳೆ ಬ್ಯಾಂಕಿಗೆ.

ಮಾರ್ಚ್ 12, ಬುಧವಾರ

ಮ್ಯಾನೇಜರು ವಿವರಿಸುತ್ತಿರುವಾಗಲೇ ತೂಕಡಿಸಿದೆ. ಅವರೂ ಆಕಳಿಸಿದರು. ವಿಮೆ ಬೇಡ.

ಮಾರ್ಚ್ 18, ಮಂಗಳವಾರ

ಮನೆಯ ಒಳಾಂಗಣ! ಇದೇ ಸರಿ ಎಂದುಕೊಂಡು ಹೊಸದಾಗಿ ಮನೆ ಕಟ್ಟಿಸಿದ ದಂತವೈದ್ಯೆಯೊಬ್ಬರ ಮನೆಗೆ ಹೋಗಿದ್ದೆ. ಆಕೆ ಗೋಡೆಯ ಬಣ್ಣದ ಹೆಸರುಗಳನ್ನು ಸರಸರನೆ ಹೇಳಿದರು, ನಾನು ಬರೆದುಕೊಂಡೆ. ಈಗ ನೋಡಿದರೆ ಒಂದೂ ನೆನಪಿಲ್ಲ. ನೆನಪಿರುವುದು ಇಷ್ಟು: ದಪ್ಪ ಪರದೆಯ ಕೋಣೆಯಲ್ಲಿ ಆಕೆ ಮೆಲ್ಲಗೆ, ಗುಟ್ಟು ಹೇಳುವವರಂತೆ ಮಾತಾಡಿದರು. ಊಟದ ಕೋಣೆಗೆ ಬಂದೊಡನೆ ಗಂಡನ ಮೇಲೆ ರೇಗತೊಡಗಿದರು. ಅಲ್ಲಿ ಬರೀ ಕಲ್ಲು, ಗಾಜು. ಇಬ್ಬರೂ ಸುಮ್ಮನೆ ಆಡಿದ ಮಾತೂ ಬೈಗುಳದ ಹಾಗೆ ವಾಪಸು ಬರುತ್ತಿತ್ತು. ಪಾಪ, ಗಂಡ ಊಟ ಮುಗಿಯುವ ಮುಂಚೆಯೇ ಎದ್ದುಹೋಗುತ್ತಾರಂತೆ.

ಇದನ್ನು ಬರೆದು ಕಳಿಸಿದರೆ ಆಕೆ ನನ್ನ ಹಲ್ಲು ಕೀಳುತ್ತಾರೆ. ಬಿಟ್ಟೆ.

ಮಾರ್ಚ್ 22, ಶನಿವಾರ

ಎಲ್ಲಿಂದ ಶುರು ಮಾಡಲಿ! ಕೈ ಓಡುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ, ಆಗಲಿ.

ಈ ಸಲ ನಾನು ಹೋಟೆಲು ವಿಮರ್ಶಕಿ. ಹೊಸ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಅಪ್ಪನನ್ನು ಕರೆದುಕೊಂಡು ಹೋದೆ. ಅಮೃತಶಿಲೆಯ ನೆಲ, ಕನ್ನಡಿಯ ಗೋಡೆ, ಎತ್ತರದ ಛಾವಣಿ, ಜನವೋ ಜನ. ಅಪ್ಪ ಸೂಪಿನಿಂದ ಐಸ್‌ಕ್ರೀಮಿನವರೆಗೆ ನಾನು ಕೇಳಿದ ಒಂದಕ್ಕೂ ಉತ್ತರ ಕೊಡಲಿಲ್ಲ. ಸುಮ್ಮನೆ ತಲೆ ಆಡಿಸುವುದು, ನಗುವುದು. ನಡುವೆ, ಕಿವಿ ಮಂದವಾದ ಮೇಲೆ ದಿನವೂ ಹಾಕುವ ಮಷೀನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ನನಗೆ ಮೈಯೆಲ್ಲ ಉರಿಯಿತು.

ವಾಪಸು ಬರುವಾಗ ಕಾರು ನಾನೇ ಓಡಿಸುತ್ತಿದ್ದೆ. ಅಪ್ಪನ ಹಳೆಯ ಕಲಿಸುವ ಕಾರು ಅದು, ಪಕ್ಕದ ಸೀಟಿನಲ್ಲೂ ಒಂದು ಬ್ರೇಕಿದೆ.

"ಆ ಕೆಲಸ ಬಿಟ್ಟಿದ್ದಕ್ಕೆ ಇನ್ನೂ ಎಷ್ಟು ದಿನ ಮುಖ ಊದಿಸ್ಕೊಂಡಿರ್ತೀಯಪ್ಪ?"

"ಊದಿಸ್ಕೊಂಡಿದ್ನಾ? ನಗ್ತಾ ಇದ್ನಲ್ಲೇ!"

"ಮಂಡಿನೋವು ಹೇಗಿದೆ ಅಂತ ಕೇಳಿದ್ರೆ ಯಾರಾದ್ರೂ ನಗ್ತಾರಾ?"

"ಮಂಡಿನೋವಾ? ನೀನು ಸೂಪು ಹೇಗಿದೆ ಅಂದೆ ಅಂದ್ಕೊಂಡೆ."

"ಮಷೀನು ಹಾಕ್ಕೊಂಡಿದ್ರೆ ತಾನೇ ಕೇಳಿಸೋದು?"

"ಹಾಕ್ಕೊಂಡಿದ್ದಕ್ಕೇ ತೆಗೆದಿದ್ದು. ತಟ್ಟೆ, ಚಮಚ, ಕುರ್ಚಿ ಎಲ್ಲಾ ತಲೆಯೊಳಗೇ ಬಿದ್ದ ಹಾಗಾಗ್ತಿತ್ತು. ಬರೀ ನಂಗೆ ಬಯ್ಬೇಡ. ನಿಂಗೆ ಕೇಳಿಸ್ತಾ ನಾನು ಹೇಳಿದ್ದು?"

"ಏನು ಹೇಳಿದ್ದೆ?"

"ನೋಡು ಮತ್ತೆ! ಎರಡು ಸಲ ಹೇಳಿದೆ, ಉಪ್ಪು ಕೊಡು ಅಂತ. ನೀನೂ ತಲೆ ಆಡಿಸ್ತಾ ಕೂತಿದ್ದೆ."

ನಿಜ. ತಲೆ ಆಡಿಸಿದ್ದೆ. ಪಕ್ಕದ ಮೇಜಿನ ಗಂಡ ಹೆಂಡತಿಯೂ ಆಡಿಸುತ್ತಿದ್ದರು. ಆ ಕಡೆ ಆಫೀಸಿನ ಗುಂಪು, ಅವರೂ. ಇಡೀ ಹೋಟೆಲಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ! ಎಲ್ಲರೂ ಮರ್ಯಾದೆಗೆ ನಗುತ್ತಾ ಕೂತಿದ್ದರು! ಅಪ್ಪನ ಕಿವಿಯಲ್ಲ, ಆ ಕೋಣೆ. ಆ ಕೋಣೆಯೇ ಕಿವುಡು!

ಇದನ್ನು ಜೋರಾಗಿ ಹೇಳಿದೆನಿರಬೇಕು. ಕಾರು ಗಕ್ಕನೆ ನಿಂತಿತು. ಬ್ರೇಕ್ ಒತ್ತಿದ್ದು ನಾನಲ್ಲ.

"ತಿರುಗಿಸು" ಎಂದ ಅಪ್ಪ. "ಛಾವಣಿಗೆ ಏನು ಹಾಕಿದಾರೆ ಅಂತ ನೋಡ್ಕೊಂಡ್ಯಾ? ಇಲ್ಲ ತಾನೇ? ನೋಡದೇ ಏನು ಬರೀತೀಯ?"

ಹೋದೆವು. ಊಟದ ಹೊತ್ತು ಮುಗಿದು ಹೋಟೆಲು ಖಾಲಿಯಾಗಿತ್ತು. ಅಪ್ಪ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಅದು ಗೋಡೆಯಿಂದ ಗೋಡೆಗೆ ಓಡಾಡಿ, ಹೊರಗೆ ಹೋಗಲು ದಾರಿ ಸಿಗದೆ, ಸುಮಾರು ಹೊತ್ತು ಅಲ್ಲೇ ಒದ್ದಾಡಿತು. ನೆಲ ಒರೆಸುತ್ತಿದ್ದ ಹುಡುಗಿ ಹೆದರಿ ನೋಡಿದಳು. ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು.

ಈಗಲೇ ಬರೆಯಬೇಕು. ಶೀರ್ಷಿಕೆ ಸಿಕ್ಕಿದೆ: "ಊಟ ಚೆನ್ನಾಗಿತ್ತು. ಏನಂದ್ರಿ?"

ಮಾರ್ಚ್ 25, ಮಂಗಳವಾರ

ಕತ್ತರಿ ಮೇಡಂ ತಾವಾಗಿಯೇ ಫೋನ್ ಮಾಡಿದರು. ಒಂದು ಪದ ಕತ್ತರಿಸಿಲ್ಲವಂತೆ!

"ನಿಜ ಹೇಳು, ಮುಂಚೆ ಏನು ಮಾಡ್ತಿದ್ದೆ?"

ಹೇಳಿದೆ.

"ಇಷ್ಟು ದಿನ ಬಚ್ಚಿಟ್ಕೊಂಡಿದ್ಯಾ?"

"ಅದರಿಂದ ತಪ್ಪಿಸ್ಕೊಂಡು ಬಂದಿದೀನಿ ಮೇಡಂ. ಕಿವಿ ಬಗ್ಗೆ ಬರಿಯಲ್ಲ."

"ಕಿವಿ ಬಗ್ಗೆ ಬರಿ ಅಂತ ಯಾರು ಹೇಳಿದ್ರು? ಕಿವಿಗೆ ಬೀಳೋದ್ರ ಬಗ್ಗೆ ಬರಿ. ಕಿವಿ ಡಾಕ್ಟರಿಗಿರಲಿ, ಸದ್ದು ನಿನಗಿರಲಿ." ಮತ್ತೆ, "ಸರೋವರದ ಪ್ಯಾರಾದಲ್ಲೇ ಗೊತ್ತಾಗಿತ್ತು ನಂಗೆ. ನಿಂಗೆ ಗೊತ್ತಾಗ್ಲಿ ಅಂತ ಕಾದೆ" ಎಂದರು.

ಫೋನ್ ಇಟ್ಟ ಮೇಲೆ ನಡುಮನೆಯಲ್ಲಿ ಒಂದು ಸುತ್ತು ಕುಣಿದೆ. ಆಮೇಲೆ ಹೆದರಿಕೆ ಹತ್ತಿತು. ಸದ್ದಿನ ಬಗ್ಗೆ ಎಷ್ಟು ಅಂತ ಬರೆಯುವುದು? ಎರಡು ವಾರಕ್ಕೆ ಬತ್ತಿ ಹೋದರೆ? ಹೀಗೆ ಅಂದುಕೊಳ್ಳುತ್ತಾ ಕೆಳಗೆ ಹೋಗಲು ಲಿಫ್ಟ್ ಹತ್ತಿದೆ. ಲಿಫ್ಟಿನಲ್ಲಿ ಎಲ್ಲರೂ ಯಾಕೆ ದನಿ ಇಳಿಸುತ್ತಾರೆ? ಅಂಗಡಿಗೆ ಹೋದೆ. ಚಿಪ್ಸ್ ಪೊಟ್ಟಣ ಅಷ್ಟು ಸದ್ದು ಮಾಡಬೇಕೆಂದು ಯಾರು ತೀರ್ಮಾನಿಸಿದ್ದು? ಹಸುಗೂಸುಗಳ ವಾರ್ಡಿನಲ್ಲಿ ನರ್ಸುಗಳು ಎಂಥ ಚಪ್ಪಲಿ ಹಾಕುತ್ತಾರೆ? ಗ್ರಂಥಾಲಯದಲ್ಲಿ ಸೀನು ಬಂದವನ ಪಾಡೇನು? ಹಾಲು ಮರೆತು ಮನೆಗೆ ಬಂದೆ.

ಏಪ್ರಿಲ್ 3, ಗುರುವಾರ

ಹೋಟೆಲಿನ ಬರಹ ಭಾನುವಾರ ಬಂತು. ಅಪ್ಪ ಓದಿದ. "ಉಪ್ಪಿನ ವಿಷಯ ಹಾಕಿದೀಯಲ್ಲ" ಎಂದಷ್ಟೇ ಅಂದು, ಪತ್ರಿಕೆ ಮಡಚಿ ವಾಕಿಂಗ್ ಗೆಳೆಯರಿಗೆ ತೋರಿಸಲು ತೆಗೆದುಕೊಂಡು ಹೋದ. ವಾಪಸು ಬಂದು, "ಎಲ್ಲಾ ಸರಿ. ಏಪ್ರಿಲ್ ಮುಗಿಯೋಕೆ ಇನ್ನೂ ಟೈಮಿದೆ, ಡಾಕ್ಟರಿಗೊಂದು ಫೋನ್ ಮಾಡು" ಎಂದ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಇನ್ನೊಂದು ಮಾತು ಹಾಕಿಕೊಂಡೆ. ಲೈಸೆನ್ಸ್ ಕಚೇರಿಯಲ್ಲಿ ಜನ ಕಾಯುವ ಹೊಸ ಹಾಲಿನಲ್ಲಿ ಡ್ರೈವಿಂಗ್ ಪರೀಕ್ಷೆಗೆ ಹೆಸರು ಕೂಗುವುದು ಯಾರಿಗೂ ತಿಳಿಯುವುದಿಲ್ಲ, ಜನ ಸರದಿ ತಪ್ಪಿಸಿಕೊಂಡು ಅಳುತ್ತಾರೆ ಎಂದು ಅಪ್ಪನ ಗೆಳೆಯರೊಬ್ಬರು ಹೇಳಿದರಂತೆ. ಇವತ್ತೇ ಹೋಗಿಬಂದೆವು. ಅಪ್ಪನಿಗೆ ಆ ಕಚೇರಿ ತವರುಮನೆ ಇದ್ದ ಹಾಗೆ. ಆದರೆ ಹೊಸ ಹಾಲು ನೋಡಿ ಬೆಪ್ಪಾದ.

ಹಳೆಯ ಕಚೇರಿಯಲ್ಲಿ ಗುಮಾಸ್ತ ಬಾಗಿಲಿಗೆ ಬಂದು ಕೂಗುತ್ತಿದ್ದ. ಈಗ ಗಾಜಿನ ಗೂಡಿನೊಳಗೆ ಒಬ್ಬಾಕೆ ಮೈಕಿನಲ್ಲಿ ಹೇಳುತ್ತಾಳೆ, ನಾಲ್ಕು ಮೂಲೆಯ ಸ್ಪೀಕರುಗಳು ಒಂದಾದ ಮೇಲೊಂದು ಅದನ್ನೇ ಹೇಳುತ್ತವೆ. ಒಟ್ಟಿನಲ್ಲಿ ಕೇಳಿಸುವುದು, ಬಾಯಿತುಂಬ ನೀರಿಟ್ಟುಕೊಂಡವರು ಬಯ್ದ ಹಾಗೆ. ಪ್ರತಿ ಹೆಸರಿಗೂ ಹತ್ತು ಜನ ಅರ್ಧ ಏಳುತ್ತಾರೆ, ಮುಖ ಮುಖ ನೋಡಿಕೊಂಡು ಕೂರುತ್ತಾರೆ.

ನನ್ನ ಪಕ್ಕ ಹಳದಿ ಚೀಲ ತಬ್ಬಿಕೊಂಡ ಹೆಂಗಸೊಬ್ಬಳಿದ್ದಳು. ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳಂತೆ, ಲೈಸೆನ್ಸ್ ಸಿಕ್ಕರೆ ತಾನೇ ಗಾಡಿಯಲ್ಲಿ ಮನೆಮನೆಗೆ ಮುಟ್ಟಿಸಬಹುದು. ಹೋದ ಎರಡು ಸಲವೂ ಹೆಸರು ಕೇಳಿಸಲಿಲ್ಲ. ಇವತ್ತು ಬೆಳಿಗ್ಗೆಯಿಂದ ನೀರೂ ಕುಡಿಯದೆ, ಎದ್ದು ಹೋದಾಗ ಕೂಗಿಬಿಟ್ಟರೆ ಎಂದು ಕೂತಿದ್ದಳು. ಕಚೇರಿ ಮುಚ್ಚುವ ಮುಂಚೆ ಕೇಳಿದರೆ ಕೂಗಿ ಆಗಿದೆಯಂತೆ.

"ನಂಗೇ ಏನೋ ಆಗಿದೆ ಅಕ್ಕ" ಎಂದಳು. "ಡಾಕ್ಟರಿಗೆ ತೋರಿಸ್ಬೇಕು ಅನ್ಸುತ್ತೆ."

ನನಗೆ ಅಳು ಬಂತು, ಸಿಟ್ಟೂ ಬಂತು. ನೆಟ್ಟಗೆ ಅಧಿಕಾರಿಯ ಕೋಣೆಗೆ ಹೋದೆ. ಒಳ್ಳೆಯ ಪರದೆ, ದಪ್ಪ ಜಮಖಾನ, ಅವರ ಕೋಣೆಯಲ್ಲಿ ಪಿಸುಮಾತೂ ಕೇಳಿಸುತ್ತದೆ.

"ಜನಕ್ಕೆ ಗಮನ ಇಲ್ಲಮ್ಮ, ಮೊಬೈಲ್ ನೋಡ್ತಾ ಕೂತಿರ್ತಾರೆ. ಹಾಲು ನೋಡಿದ್ರಾ? ಎಷ್ಟು ಚೆನ್ನಾಗಿದೆ!"

ಏಪ್ರಿಲ್ 9, ಬುಧವಾರ

ಬರೆದದ್ದನ್ನು ಮೇಡಂ ತಡೆಹಿಡಿದರು. ಅಧಿಕಾರಿ ಆಗಲೇ ಪತ್ರಿಕೆಗೆ ಫೋನ್ ಮಾಡಿ, ಸುಳ್ಳು ಬರೆದರೆ ಸುಮ್ಮನಿರುವುದಿಲ್ಲ ಎಂದಿದ್ದಾರಂತೆ.

"ನಿಂಗೆ ಕೇಳಿಸ್ಲಿಲ್ಲ ಅಂದ್ರೆ ಸಾಲದು" ಎಂದರು ಮೇಡಂ. "ಹೋಟೆಲ್ ವಿಷಯ ತಮಾಷೆ. ಇದು ಹಾಗಲ್ಲ. ಸದ್ದು ನನ್ನ ವಿಷಯ ಅಂತ ಹೇಳ್ಕೊಂಡ ಮೇಲೆ ತೋರಿಸ್ಬೇಕು."

ತೋರಿಸುವುದಕ್ಕೆ ಸದ್ದು ಅಳೆಯುವ ಮೀಟರು ಬೇಕು. ಅದಿರುವುದು ಕ್ಲಿನಿಕ್ಕಿನಲ್ಲಿ.

ಏಪ್ರಿಲ್ 10, ಗುರುವಾರ

ಡಾಕ್ಟರು ಮೀಟರು ಎತ್ತಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ತಗೊಂಡು ಹೋಗು, ಬೇಡ ಅನ್ನಲ್ಲ. ಆದ್ರೆ ಒಂದು ಹೇಳು. ವಾಪಸ್ ಬರೋದು ಬರೀ ಮೀಟರಾ, ಇಲ್ಲಾ ನೀನೂ ವಾಪಸ್ ಬರ್ತೀಯಾ? ಹೊರಗಡೆ ಎಷ್ಟು ಜನ ಕೂತಿದಾರೆ ನೋಡಿದ್ಯಲ್ಲ. ನಿನ್ನ ಕೈಗುಣ ಬೇರೆಯೋರಿಗಿಲ್ಲ."

ಆ ಸ್ಪಂಜಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹೋಗಿ ನಿಂತೆ. ಏನು ಕೋಣೆ ಅದು! ಒಂದಿಷ್ಟೂ ಸದ್ದಿಲ್ಲ, ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತದೆ. ಆರು ವರ್ಷ ಇದರ ಹೊರಗೆ ಕೂತಿದ್ದೆ, ಒಳಗೆ ಕೂತವರಿಗೆ ಹೇಗಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಇದರ ಬಗ್ಗೆ ಬರೆಯಬೇಕು.

"ಮೀಟರ್ ಮಾತ್ರ ವಾಪಸ್ ಬರುತ್ತೆ ಸಾರ್" ಎಂದೆ. ನನ್ನ ದನಿ ನಡುಗಿದ್ದು ಆ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿತು.

ಅವರು ನಕ್ಕರು, ಸ್ವಲ್ಪ ಬೇಸರದಿಂದಲೇ. ಅಪ್ಪನಿಗೆ ಹೇಳಿದಾಗ ಅವನ ಬಲಗಾಲು ನೆಲ ಒತ್ತಿತು. ಆಮೇಲೆ ಎದ್ದು ಹೋಗಿ ಮೀಟರಿಗೆ ಬ್ಯಾಟರಿ ತಂದ.

ಏಪ್ರಿಲ್ 16, ಬುಧವಾರ

ಹಾಲಿನಲ್ಲಿ ಸದ್ದು ಅಳೆದು, ಅಧಿಕಾರಿಗೆ ಮೀಟರಿನ ಅಂಕಿ ತೋರಿಸಿದೆ. "ನಂಬರ್ ಯಾರು ಬೇಕಾದ್ರೂ ತೋರಿಸ್ಬೋದು" ಎಂದು ಕೈ ಝಾಡಿಸಿದರು. ಬಾಗಿಲವರೆಗೆ ಬಂದವಳು ತಿರುಗಿ ನಿಂತೆ. ಎಲ್ಲಿಂದ ಧೈರ್ಯ ಬಂತೋ.

"ಹಾಗಾದ್ರೆ ನೀವೇ ಬಂದು ಹಾಲಲ್ಲಿ ಕೂತ್ಕೊಳ್ಳಿ ಸಾರ್. ಹೆಸರು ಕೂಗಿಸೋಣ. ಎಲ್ಲಾ ಕೇಳಿಸಿದ್ರೆ ನಾನು ಬರೆದಿದ್ದನ್ನ ಹರಿದು ಹಾಕ್ತೀನಿ."

"ಆಗಲಿ, ಶನಿವಾರ ಬನ್ನಿ" ಎಂದರು. ಅವರಿಗೆ ಹಾಲಿನ ಮೇಲೆ ಅಷ್ಟು ನಂಬಿಕೆ!

ಏಪ್ರಿಲ್ 19, ಶನಿವಾರ

ಕಚೇರಿಯ ಕೆಲಸ ಮುಗಿದ ಮೇಲೆ ಹಾಲಿನಲ್ಲಿ ಸೇರಿದೆವು. ಅಧಿಕಾರಿ, ಸಿಬ್ಬಂದಿ, ಅಪ್ಪ, ಹಳದಿ ಚೀಲದವಳು, ಅವಳ ಗಂಡ. ಕತ್ತರಿ ಮೇಡಂ ಕೂಡ ಬಂದರು. ಎಲ್ಲರಿಗೂ ಒಂದೊಂದು ಕಾಗದ ಕೊಟ್ಟೆ. ಕೂಗಿದ ಹೆಸರು ಕೇಳಿದ ಹಾಗೆ ಬರೆಯಬೇಕು, ಪಕ್ಕದವರದು ನೋಡುವಂತಿಲ್ಲ. ಜನ ತುಂಬಿದ ದಿನದ ಗದ್ದಲಕ್ಕಾಗಿ ಫ್ಯಾನುಗಳನ್ನೆಲ್ಲ ಹಾಕಿಸಿದೆ. ಮೇಡಂ ಒಂದು ಬೆಂಚನ್ನು ಅತ್ತಿತ್ತ ಎಳೆದಾಡುವ ಕೆಲಸ ತಾವೇ ವಹಿಸಿಕೊಂಡು ಖುಷಿಯಾಗಿ ಎಳೆದಾಡಿದರು.

ಮೈಕಿನವಳು ಶುರು ಮಾಡಿದಳು. ನಾನು ಸಾಲುಗಳ ನಡುವೆ ಓಡಾಡುತ್ತಾ, "ಕೇಳಿಸ್ತಾ? ಈಗ? ಈಗ ಕೇಳಿಸ್ತಾ?" ಎಂದು ಒಬ್ಬೊಬ್ಬರನ್ನೂ ಕೇಳಿದೆ. ಎಷ್ಟು ಚೆನ್ನಾಗಿತ್ತು! ಎಲ್ಲರ ಮುಖವೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಕೊನೆಗೆ ಮೈಕಿನವಳು ಒಂದು ಹೆಸರು ಕೂಗಿದಳು, ಮತ್ತೊಮ್ಮೆ ಕೂಗಿದಳು. ಗೂಡಿನ ಹತ್ತಿರವೇ ಕೂತಿದ್ದವರು ನಗು ತಡೆಯಲಾರದೆ ಬಾಯಿಗೆ ಕೈ ಇಟ್ಟುಕೊಂಡರು. ಅಧಿಕಾರಿ ಮಾತ್ರ ಹುಬ್ಬು ಗಂಟಿಕ್ಕಿ, ಗಂಭೀರವಾಗಿ ಏನನ್ನೋ ಬರೆದರು.

ಕಾಗದಗಳನ್ನು ಒಟ್ಟುಮಾಡಿ ಓದಿದೆ. ಅರ್ಧದಷ್ಟು ಹೆಸರನ್ನೂ ಯಾರೂ ಸರಿಯಾಗಿ ಬರೆದಿರಲಿಲ್ಲ. ಅಧಿಕಾರಿಯ ಕಾಗದದಲ್ಲಿ ಕೊನೆಗೆ "ತರಕಾರಿ" ಎಂದಿತ್ತು.

"ಕೊನೆಯ ಹೆಸರು ಯಾರದು?" ಎಂದು ಕೇಳಿದರು ಅವರು.

ಮೈಕಿನವಳು ಗೂಡಿನಿಂದ ಹೊರಗೆ ಬಂದು ಮೆಲ್ಲಗೆ, "ತಮ್ಮದೇ ಸಾರ್" ಎಂದಳು.

ಅಧಿಕಾರಿ ಆ ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಹಳದಿ ಚೀಲದವಳ ಕಡೆ ತಿರುಗಿ, "ನೀವು ಎಷ್ಟು ಸಲ ಬಂದಿದ್ರಿ ಅಂದ್ರಿ?" ಎಂದು ಕೇಳಿದರು. ಈ ಸಲ ಆ ದನಿಯಲ್ಲಿ ಕಚೇರಿಯ ಗತ್ತು ಇರಲಿಲ್ಲ.

ಅವಳು ಗಂಡನ ಕಡೆ ತಿರುಗಿ, "ನೋಡಿ, ನಂಗೇನೂ ಆಗಿಲ್ಲ" ಎಂದಳು. ಎರಡು ಸಲ ಹೇಳಿದಳು.

ಏಪ್ರಿಲ್ 27, ಭಾನುವಾರ

ಬಂದಿದೆ! ಅರ್ಧ ಪುಟ! ತರಕಾರಿಯನ್ನು ಹಾಕಲು ಅಧಿಕಾರಿಯೇ ಒಪ್ಪಿದರು, ಹೆಸರು ಮಾತ್ರ ಬೇಡ ಎಂದರು. ಸ್ಪೀಕರುಗಳು ಸದ್ಯಕ್ಕೆ ಬಂದ್. ಮೈಕಿನವಳೇ ಹೊರಗೆ ಬಂದು ಕೂಗುತ್ತಾಳಂತೆ, ಗೋಡೆಗಳಿಗೆ ದಪ್ಪ ಬಟ್ಟೆ ಬರುತ್ತದಂತೆ. ಹಳದಿ ಚೀಲದವಳು ಶುಕ್ರವಾರ ಪರೀಕ್ಷೆಯಲ್ಲಿ ಪಾಸಾದಳು. ಹಿಂದಕ್ಕೆ ಗಾಡಿ ತೆಗೆಯುವುದನ್ನು ಅಪ್ಪ ಎರಡು ದಿನ ಹೇಳಿಕೊಟ್ಟಿದ್ದ, ಬ್ರೇಕೂ ಅವನೇ ಹಾಕಿದ್ದನಂತೆ.

ಈಜು ಕಲಿಸುವವರೊಬ್ಬರು ಫೋನ್ ಮಾಡಿದ್ದರು. ಛಾವಣಿಯಿರುವ ಕೊಳದಲ್ಲಿ ಕಿರುಚಿ ಕಿರುಚಿ ಗಂಟಲೇ ಹೋಗಿದೆ, ಒಮ್ಮೆ ಬಂದು ನೋಡಿ ಎಂದು. ಅವರ ದನಿ ಕೇಳಿದರೆ ಮರ ಕೊಯ್ದ ಹಾಗಿತ್ತು. ನಾಳೆಯೇ ಬರುತ್ತೇನೆಂದೆ.

ಮೇ 6, ಮಂಗಳವಾರ

ಈಜುಕೊಳದ ಬರಹಕ್ಕೆ ಮೊದಲ ಸಾಲು ಹೊಳೆಯುತ್ತಿಲ್ಲ. ಬೆಳಿಗ್ಗೆಯಿಂದ ಮೇಜಿನ ಮುಂದೆ ಕೂತು, ಕಾಲು ಮೇಲೆ ಹಾಕಿಕೊಂಡು, ಛಾವಣಿ ನೋಡುತ್ತಾ ಬಾಳೆಹಣ್ಣು ತಿನ್ನುತ್ತಿದ್ದೆ. ನಡುಮನೆಯಲ್ಲಿ ಫೋನ್ ಬಡಿದುಕೊಂಡಿತು. ಅಪ್ಪ ಎತ್ತಿಕೊಂಡ.

"ನಮಸ್ಕಾರ ಡಾಕ್ಟರೇ... ಹೌದಾ, ಹೊಸಬಳು ಬಿಟ್ಟು ಹೋದ್ಲಾ? ಛೆ ಛೆ... ಹೇಳ್ತೀನಿ... ಇಲ್ಲ ಸಾರ್, ಈಗ ಕರೆಯಕ್ಕಾಗಲ್ಲ. ಅವಳು ಕೆಲಸದಲ್ಲಿದಾಳೆ."

ಫೋನ್ ಇಟ್ಟು ಬಂದು, ನನ್ನ ಕಡೆ ನೋಡದೆಯೇ, ಸದ್ದಾಗದ ಹಾಗೆ ಕೋಣೆಯ ಬಾಗಿಲು ಎಳೆದುಕೊಂಡು ಹೋದ.

ಬಾಳೆಹಣ್ಣು ಪಕ್ಕಕ್ಕಿಟ್ಟು ಬರೆಯಲು ಕೂತೆ.